ಕಿವಿಯೊಳಗಿನ ಇಪ್ಪತ್ತೈದು ಸಾವಿರ

ವೈರ್‌ಲೆಸ್ ಇಯರ್‌ಬಡ್‌ಗೆ ಹೆಚ್ಚು ದುಡ್ಡು ಕೊಟ್ಟಷ್ಟೂ ದನಿ ಚೆನ್ನಾಗಿರುತ್ತದೆ ಎಂಬ ಮಾತನ್ನು ಈಗ ಯಾರೂ ಪ್ರಶ್ನಿಸುವುದಿಲ್ಲ. ಸೋನಿ, ಆಪಲ್, ಬೋಸ್ ಕಂಪನಿಗಳ ಮೇಲ್ದರ್ಜೆಯ ಜೋಡಿಗಳು 25 ಸಾವಿರ ರೂಪಾಯಿಯ ಆಸುಪಾಸಿನಲ್ಲಿವೆ. ಬಹುಪಾಲು ವಿಮರ್ಶೆಗಳು ಡಬ್ಬಿ ತೆರೆದ ವಾರದಲ್ಲೇ ಬರುತ್ತವೆ. ಸದ್ದಿಲ್ಲದ ಕೋಣೆಯಲ್ಲಿ ಕೂತು ಬೇಸ್, ಟ್ರೆಬಲ್‌ಗಳನ್ನು ಬಣ್ಣಿಸಿ ಅಂಕ ಕೊಡುತ್ತವೆ. ಬಸ್ಸಿನಲ್ಲಿ, ಮೆಟ್ರೊದಲ್ಲಿ, ಅಡುಗೆಮನೆಯಲ್ಲಿ ಬಳಸಿದಾಗ ತಿಳಿಯುವುದು ಬೇರೆಯೇ. ನಾವು ಹೆಚ್ಚಾಗಿ ತೆರುವ ಹಣದಲ್ಲಿ ದನಿಯ ಪಾಲು ಬಹಳ ಕಡಿಮೆ.

2017ರಲ್ಲಿ ಜೆರೋನ್ ಬ್ರೀಬಾರ್ಟ್ ಎಂಬ ಸಂಶೋಧಕರು 283 ಹೆಡ್‌ಫೋನ್‌ಗಳ ಅಳತೆಗಳನ್ನು ಅವುಗಳ ಬೆಲೆಯ ಪಕ್ಕದಲ್ಲಿಟ್ಟು ನೋಡಿದರು. ಮಂದ್ರದಿಂದ ತಾರದವರೆಗೆ ಯಾವ ಸ್ವರ ಎಷ್ಟು ಜೋರಾಗಿ ಹೊಮ್ಮುತ್ತದೆ ಎಂಬುದಕ್ಕೂ ಬೆಲೆಗೂ ಸಂಬಂಧವೇ ಸಿಗಲಿಲ್ಲ. ಅವರು ದನಿಯ ಎಲ್ಲ ಗುಣಗಳನ್ನೂ ಅಳೆಯಲಿಲ್ಲ, ನಿಜ. ಆದರೆ ಕೇಳುವವರ ಮೆಚ್ಚುಗೆಗೆ ಮುಖ್ಯ ಕಾರಣವಾಗುವುದು ಈ ಗುಣವೇ.

ದನಿಯನ್ನು ಕೆಡಿಸುವ, ಸುಧಾರಿಸುವ ಇನ್ನೊಂದು ವಸ್ತುವಿದೆ: ಬಡ್‌ನ ತುದಿಗೆ ಸಿಕ್ಕಿಸುವ ಸಿಲಿಕೋನ್ ಟಿಪ್. ಕಿವಿಯ ನಾಳವನ್ನು ಅದು ಗಾಳಿಯಾಡದಂತೆ ಮುಚ್ಚದಿದ್ದರೆ ಮಂದ್ರದ ದನಿಯೆಲ್ಲ ಸೋರಿಹೋಗುತ್ತದೆ. ಪರೀಕ್ಷೆಗೆ ಮೃದಂಗದ ಒಂದು ತನಿ ಆವರ್ತನ ಸಾಕು. ಬಲಗೈಯ ಚಾಪು ಖಡಕ್ಕಾಗಿ ಕೇಳುತ್ತಿದ್ದು, ಎಡ ಮುಖದ ಗುಮಕಿ ಬರೀ ರಟ್ಟು ತಟ್ಟಿದಂತೆ ಕೇಳಿದರೆ ಟಿಪ್ ಬದಲಿಸಿ. ಎರಡು ಕಿವಿಗೆ ಎರಡು ಅಳತೆಯ ಟಿಪ್ ಬೇಕಾಗುವುದೂ ಉಂಟು. ಕಿವಿಗೆ ಸರಿಯಾಗಿ ಕೂತ 3 ಸಾವಿರದ ಬಡ್ ಮುಂದೆ ಸಡಿಲವಾಗಿ ಕೂತ 25 ಸಾವಿರದ ಬಡ್ ಸಪ್ಪೆ ಎನಿಸುತ್ತದೆ. ಬಿಗಿಯಾಗಿ ಕೂತರೆ ಇನ್ನೊಂದು ತೊಂದರೆ: ನಡೆಯುವಾಗ ನಮ್ಮದೇ ಹೆಜ್ಜೆ, ತಿನ್ನುವಾಗ ಚಕ್ಕುಲಿಯ ಸದ್ದು ತಲೆಯೊಳಗೆ ಗುಂಯ್‌ಗುಡುತ್ತದೆ. ಈ ಬಗ್ಗೆ ಡಬ್ಬಿಯ ಮೇಲೆ ಒಂದಕ್ಷರವೂ ಇರುವುದಿಲ್ಲ.

ಡಬ್ಬಿಯ ಮೇಲೆ ಇರುವುದು ‘ಹೈ-ರೆಸ್’ ಎಂಬ ಚಿನ್ನದ ಬಣ್ಣದ ಮುದ್ರೆ. ಈ ಮುದ್ರೆ ಪಡೆದ, ದನಿಯನ್ನು ಅಡಕಗೊಳಿಸಿ ಬ್ಲೂಟೂತ್‌ನಲ್ಲಿ ಕಳಿಸುವ ಸೋನಿಯ ಎಲ್‌ಡ್ಯಾಕ್ ಕೋಡೆಕ್ ಸೆಕೆಂಡಿಗೆ 990 ಕಿಲೊಬಿಟ್‌ವರೆಗೆ ಮಾಹಿತಿ ಕಳಿಸಬಲ್ಲದು. ಸಿ.ಡಿ.ಯಲ್ಲಿರುವುದು 1,411. ಅಂದರೆ ಇಲ್ಲೂ ಮಾಹಿತಿ ಕತ್ತರಿಸಿಯೇ ಬರುತ್ತದೆ. ಸುತ್ತ ನೂರಾರು ಫೋನು, ವೈಫೈಗಳಿರುವ ಮೆಜೆಸ್ಟಿಕ್ ನಿಲ್ದಾಣದಂಥ ಕಡೆ ಸಂಪರ್ಕ ಕಡಿಯಬಾರದೆಂದು ಅದು 660ಕ್ಕೆ, 330ಕ್ಕೆ ಇಳಿಯಬೇಕಾಗುತ್ತದೆ. ಐಫೋನಿಗಂತೂ ಎಲ್‌ಡ್ಯಾಕ್ ಬರುವುದೇ ಇಲ್ಲ. ಇನ್ನು, ಮಲ್ಲಿಕಾರ್ಜುನ ಮನ್ಸೂರರ ಹಳೆಯ ಧ್ವನಿಮುದ್ರಣ ಕೇಳುವವರಿಗೆ ಯಾವ ಕೋಡೆಕ್ಕೂ ಮೂಲದಲ್ಲಿಲ್ಲದ್ದನ್ನು ತಂದುಕೊಡಲಾರದು.

ದುಬಾರಿ ಬಡ್‌ಗಳು ನಿಜಕ್ಕೂ ಗೆಲ್ಲುವುದು ನಾಯ್ಸ್ ಕ್ಯಾನ್ಸಲೇಷನ್ನಿನಲ್ಲಿ. ಹೊರಗಿನ ಸದ್ದನ್ನು ಮೈಕ್ ಹಿಡಿದು, ಅದಕ್ಕೆ ತದ್ವಿರುದ್ಧವಾದ ಅಲೆಯನ್ನು ಕಿವಿಯಲ್ಲಿ ಹುಟ್ಟಿಸಿ ಎರಡನ್ನೂ ಅಳಿಸುವ ಈ ಉಪಾಯದ ಮೂಲತತ್ವಕ್ಕೆ ಪಾಲ್ ಲ್ಯೂಗ್ ಎಂಬಾತ 1936ರಲ್ಲೇ ಅಮೆರಿಕದ ಪೇಟೆಂಟ್ ಪಡೆದಿದ್ದ. ಉದ್ದ ಅಲೆಯ, ಒಂದೇ ಸಮನೆ ಮೊರೆಯುವ ಸದ್ದು ಇದಕ್ಕೆ ಸುಲಭವಾಗಿ ಸಿಗುತ್ತದೆ. 100 ಹರ್ಟ್ಸ್‌ನ ಅಲೆ ಮೂರೂವರೆ ಮೀಟರಿನಷ್ಟು ಉದ್ದ. ಬಸ್ಸಿನ ಎಂಜಿನ್, ವಿಮಾನದ ಮೊರೆತ, ಮೆಟ್ರೊ ಬೋಗಿಯ ಎ.ಸಿ. ಹೀಗೇ ಕರಗಿಹೋಗುತ್ತವೆ. 3,000 ಹರ್ಟ್ಸ್‌ನ ಅಲೆ 11 ಸೆಂಟಿಮೀಟರ್ ಮಾತ್ರ. ಅದನ್ನು ಹೊಂದಿಸಿ ಅಳಿಸುವುದು ಕಷ್ಟ. ಹಾರ್ನಿನ ಚೂಪು, ಕುಕ್ಕರಿನ ಸೀಟಿ, ಪಕ್ಕದ ಸೀಟಿನವರ ಮಾತನ್ನು ತಡೆಯುವ ಕೆಲಸ ಮತ್ತೆ ಟಿಪ್ಪಿನ ಪಾಲಿಗೇ ಬರುತ್ತದೆ. ಜಾಹೀರಾತಿನ ‘50 ಡೆಸಿಬೆಲ್’ ಎಲ್ಲ ಸದ್ದಿಗೂ ಅನ್ವಯಿಸುವ ಅಂಕಿಯಲ್ಲ.

ಆದರೂ ಇದಕ್ಕೆ ಹಣ ಕೊಡುವುದರಲ್ಲಿ ಅರ್ಥವಿದೆ. ಅದಕ್ಕೆ ಕಾರಣ ಸಂಗೀತಕ್ಕಿಂತ ಹೆಚ್ಚಾಗಿ ಕಿವಿಯ ಆರೋಗ್ಯ. 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮೂರು ಡೆಸಿಬೆಲ್ ಏರಿದಂತೆಲ್ಲ ಆ ಅವಧಿ ಅರ್ಧಕ್ಕಿಳಿಯುತ್ತದೆ. ಎಂಜಿನ್ ಸದ್ದನ್ನು ಮೀರಿಸಲೆಂದು ವಾಲ್ಯೂಮ್ ಏರಿಸುವ ನಿತ್ಯ ಪ್ರಯಾಣಿಕರ ಕಿವಿಯನ್ನು ಈ ಸೌಲಭ್ಯ ಉಳಿಸುತ್ತದೆ. ವಿಮರ್ಶೆಗಳು ಮೊದಲು ಹೇಳಬೇಕಾದ್ದು ಇದನ್ನು. ರಸ್ತೆ ದಾಟುವಾಗ, ಗಾಡಿ ಓಡಿಸುವಾಗ ಮಾತ್ರ ಬಡ್ ಕಿವಿಯಲ್ಲಿರಲೇಬಾರದು.

ಫೋನ್ ಮಾತಿನ ವಿಷಯಕ್ಕೆ ಬಂದರೆ, ಕರೆ ಬಂದೊಡನೆ ಸಾಮಾನ್ಯ ಬ್ಲೂಟೂತ್ ಬೇರೆ ಕ್ರಮಕ್ಕೆ ಬದಲಾಗಿ ದನಿ ಕಿರಿದಾಗುತ್ತದೆ. ಆಟೊದ ಗಾಳಿಯಲ್ಲಿ ಸದ್ದು ಸೋಸುವ ಸಾಫ್ಟ್‌ವೇರ್ ಸ, ಶ, ಹ ಅಕ್ಷರಗಳನ್ನೂ ನುಂಗಿಬಿಡುತ್ತದೆ. ಮೈಕ್ ಹೇಗಿದೆಯೆಂದು ಆ ತುದಿಯಲ್ಲಿರುವವರನ್ನೇ ಕೇಳಬೇಕು.

ನನಗೆ ಎಲ್ಲಕ್ಕಿಂತ ದೊಡ್ಡ ತಕರಾರಿರುವುದು ಬ್ಯಾಟರಿಯ ಬಗ್ಗೆ. ಒಂದೊಂದು ಬಡ್‌ನಲ್ಲೂ ಇರುವ ಲಿಥಿಯಂ ಸೆಲ್ ಫೋನಿನದರ ನೂರರಲ್ಲೊಂದು ಪಾಲಿನಷ್ಟು. ಕೆಲವು ನೂರು ಬಾರಿ ಪೂರ್ತಿ ಖಾಲಿಯಾಗಿ ತುಂಬಿದ ಮೇಲೆ ಅದರ ಕಸುವು ತಗ್ಗುತ್ತದೆ. ದಿನವೂ ಬಳಸುವವರಿಗೆ ಎರಡು ಮೂರು ವರ್ಷದಲ್ಲಿ ಆ ಗಡಿ ಬಂದೇ ಬರುತ್ತದೆ. ಹೆಚ್ಚಿನ ಬಡ್‌ಗಳನ್ನು ಅಂಟು ಹಾಕಿ ಮುಚ್ಚಿರುವುದರಿಂದ, ಒಡೆಯದೆ ಸೆಲ್ ತೆಗೆಯಲಾಗದು. ಸ್ಪೀಕರ್, ಮೈಕ್, ಚಿಪ್ ಎಲ್ಲ ಚೆನ್ನಾಗಿದ್ದರೂ ಇಡೀ ಬಡ್ ಕಸಕ್ಕೆ ಹೋಗುತ್ತದೆ. ಅಷ್ಟು ಚಿಕ್ಕದರಲ್ಲಿ ಇದು ಅನಿವಾರ್ಯ ಎಂಬ ವಾದಕ್ಕೆ 2024ರಲ್ಲೇ ಉತ್ತರ ಸಿಕ್ಕಿದೆ. ಡಚ್ ಕಂಪನಿ ಫೇರ್‌ಫೋನ್, ಬಳಸುವವರೇ ಸೆಲ್ ಬದಲಿಸಬಹುದಾದ ಫೇರ್‌ಬಡ್ಸ್ ಅನ್ನು ಮಾರುಕಟ್ಟೆಗೆ ತಂದಿತು. ಯುರೋಪಿಯನ್ ಒಕ್ಕೂಟ 2023ರಲ್ಲಿ ಮಾಡಿದ ಕಾನೂನಿನಂತೆ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, 2027ರ ಫೆಬ್ರುವರಿಯಿಂದ ಒಯ್ಯಬಹುದಾದ ಸಾಧನಗಳ ಬ್ಯಾಟರಿಯನ್ನು ಬಳಕೆದಾರರೇ ತೆಗೆಯುವಂತಿರಬೇಕು. ನಮ್ಮ ಕೇಂದ್ರ ಸರ್ಕಾರವೂ 2022ರಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆದಿದೆ. ಹೀಗಿರುವಾಗ ಬ್ಯಾಟರಿಯ ಆಯಸ್ಸನ್ನು ಲೆಕ್ಕಕ್ಕೇ ತಾರದೆ ಅಂಕ ಕೊಡುವ ವಿಮರ್ಶೆ ಕೊಳ್ಳುವವರ ಪರ ನಿಂತಂತಲ್ಲ.

ದಿನಾ ಗಂಟೆಗಟ್ಟಲೆ ಬಸ್ಸು, ರೈಲಿನಲ್ಲಿ ಓಡಾಡುವವರು, ಮೇಲಿಂದ ಮೇಲೆ ವಿಮಾನ ಹತ್ತುವವರು ನಾಯ್ಸ್ ಕ್ಯಾನ್ಸಲೇಷನ್ನಿಗಾಗಿ ಈ ಹಣ ಕೊಡಬಹುದು. ಮನೆಯಲ್ಲಿ ಕೂತು ಕಛೇರಿ ಕೇಳುವವರಿಗೆ ಒಳ್ಳೆಯ ವೈರ್ ಇಯರ್‌ಫೋನ್ ಸಾಕು, ಅದಕ್ಕೆ ಬ್ಯಾಟರಿಯ ಗೋಜಿಲ್ಲ. ಕೊಳ್ಳುವುದೇ ಆದರೆ ಬಿಲ್ ಮಾಡಿಸುವ ಮೊದಲು ಕೇಳಿ: ವಾರಂಟಿ ಮುಗಿದ ಮೇಲೆ ಬ್ಯಾಟರಿ ಬದಲಿಸಿಕೊಡುತ್ತೀರಾ, ಎಷ್ಟಾಗುತ್ತದೆ? ಉತ್ತರವನ್ನು ಬರವಣಿಗೆಯಲ್ಲಿ ಕೊಡದ ಅಂಗಡಿಯಲ್ಲಿ 25 ಸಾವಿರ ಸುರಿಯಬೇಡಿ.