‘ಮೈಸೂರು’ ಯುದ್ಧನೌಕೆಯ ಪ್ರಶಸ್ತಿಯೂ ಕಲ್ನಾರಿನ ದೋಷವೂ

ವೀರರ ಮರಣವನ್ನು ಕಲ್ಲಿನಲ್ಲಿ ಬರೆಯಿಸುವ ಸಂಪ್ರದಾಯವು ಕನ್ನಡನಾಡಿನಲ್ಲಿ ಬಹು ಪ್ರಾಚೀನವಾದುದು. ‘ಬೆಂಗಳೂರು ಕಾಳಗ’ವನ್ನು ಹೆಸರಿಸುವ ಬೇಗೂರಿನ ವೀರಗಲ್ಲಿನಿಂದ ಹಿಡಿದು, ದಂಡುಪ್ರದೇಶದಲ್ಲಿ ಬ್ರಿಗೇಡ್ ರಸ್ತೆಯೂ ರೆಸಿಡೆನ್ಸಿ ರಸ್ತೆಯೂ ಕೂಡುವೆಡೆ ನಿಂತಿರುವ ಮದರಾಸು ಪಯನಿಯರ್ ಪಡೆಯ ಸ್ಮಾರಕಸ್ತಂಭದವರೆಗೆ ಈ ಪರಂಪರೆಯು ಹರಿದುಬಂದಿದೆ. ಇವೆಲ್ಲವುಗಳ ಧರ್ಮವೂ ಒಂದೇ. ಯಾರು, ಯಾವ ಕಾಳಗದಲ್ಲಿ, ಯಾರ ಪಕ್ಷವಾಗಿ ಬಿದ್ದರೆಂಬುದನ್ನು ಅವು ಹೇಳುತ್ತವೆ. ಅಲ್ಲಿ ಗಾಯವು ಕಣ್ಣಿಗೆ ಕಾಣತಕ್ಕದ್ದು. ಮರಣವು ಅದೇ ಕಾಳಗದ್ದು. ಸೇವಾಕಾಲದಲ್ಲಿ ದೇಹವನ್ನು ಹೊಕ್ಕು, ಸೇವೆ ಮುಗಿದು ಹಲವು ದಶಕಗಳಾದ ಬಳಿಕ ಕೊಲ್ಲುವ ಶತ್ರುವೊಂದಿದ್ದರೆ ಅದಕ್ಕೆ ಈ ಪ್ರಶಸ್ತಿಗಳಲ್ಲಿ ಎಡೆಯಿಲ್ಲ. ನಮ್ಮ ನಾಡಿನ ಹೆಸರನ್ನೇ ಹೊತ್ತಿದ್ದ ‘ಮೈಸೂರು’ ಎಂಬ ಕ್ರೂಸರ್ ಯುದ್ಧನೌಕೆಯ ಚರಿತ್ರೆಯನ್ನು ಉದಾಹರಣೆಯಾಗಿಟ್ಟುಕೊಂಡು ಈ ಕೊರತೆಯನ್ನು ವಿಮರ್ಶಿಸುವುದೇ ಪ್ರಕೃತ ಲೇಖನದ ಉದ್ದೇಶವು.

ಮೊದಲು ಪ್ರಶಸ್ತಿಯನ್ನು ನೋಡೋಣ. ೧೯೩೮ನೆಯ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಟೈನ್ ನದಿಯ ತಡಿಯಲ್ಲಿ ಈ ನೌಕೆಯ ನಿರ್ಮಾಣವು ಆರಂಭವಾಯಿತು. ೧೯೩೯ನೆಯ ಜುಲೈಯಲ್ಲಿ ಅದು ನೀರಿಗಿಳಿದು, ೧೯೪೦ನೆಯ ಸೆಪ್ಟೆಂಬರಿನಲ್ಲಿ ‘ನೈಜೀರಿಯ’ ಎಂಬ ಹೆಸರಿನಿಂದ ಬ್ರಿಟಿಷ್ ನೌಕಾಬಲವನ್ನು ಸೇರಿತು. ೧೯೪೧ನೆಯ ಜೂನ್ ೨೮ರಂದು ಉತ್ತರಸಮುದ್ರಗಳಲ್ಲಿ ಜರ್ಮನರ ಹವಾಮಾನನೌಕೆಯೊಂದನ್ನು ಹಿಡಿಯುವುದರಲ್ಲಿ ಇದು ಪಾಲುಗೊಂಡಿತು. ಅಲ್ಲಿ ದೊರೆತ ಗೂಢಲಿಪಿಯ ಕಾಗದಗಳು ಶತ್ರುವಿನ ಸಂದೇಶಗಳನ್ನು ಬಿಡಿಸಲು ಬಹಳವಾಗಿ ನೆರವಾದುವು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ನಾರ್ವೆಯ ಕರಾವಳಿಯಲ್ಲಿ ‘ಬ್ರೆಮ್ಸೆ’ ಎಂಬ ಜರ್ಮನ್ ಹಡಗನ್ನು ಮುಳುಗಿಸುವುದರಲ್ಲಿಯೂ ಇದರ ಕೈಯಿತ್ತು. ೧೯೪೨ನೆಯ ಆಗಸ್ಟ್ ೧೨ರಂದು ಮಾಲ್ಟಾ ದ್ವೀಪಕ್ಕೆ ಆಹಾರವನ್ನೂ ಎಣ್ಣೆಯನ್ನೂ ಸಾಗಿಸುತ್ತಿದ್ದ ನೌಕಾಸಮೂಹವನ್ನು ಕಾಯುತ್ತಿರುವಾಗ, ‘ಆಕ್ಸುಮ್’ ಎಂಬ ಇಟಲಿಯ ಜಲಾಂತರ್ಗಾಮಿಯ ಟಾರ್ಪಿಡೊ ತಾಕಿ ೫೨ ಮಂದಿ ಮಡಿದರು. ಅಮೆರಿಕೆಯಲ್ಲಿ ರಿಪೇರಿಯಾದ ಮೇಲೆ ಈ ನೌಕೆಯು ಹಿಂದೂಮಹಾಸಾಗರದಲ್ಲಿ ಸೇವೆಮಾಡಿತು.

೧೯೫೪ರಲ್ಲಿ ಭಾರತಸರ್ಕಾರವು ಇದನ್ನು ಕೊಂಡಿತು. ಬರ್ಕೆನ್‌ಹೆಡ್ಡಿನಲ್ಲಿ ಪುನರ್ನವೀಕರಣವು ಮುಗಿದು ೧೯೫೭ನೆಯ ಆಗಸ್ಟ್ ೨೯ರಂದು ಅದು ‘ಮೈಸೂರು’ ಎನ್ನಿಸಿಕೊಂಡಿತು. ಗಂಡಭೇರುಂಡವು ಅದರ ಲಾಂಛನವಾಯಿತು. ೧೯೬೧ನೆಯ ಡಿಸೆಂಬರಿನಲ್ಲಿ ಕಾರವಾರದ ಸಮೀಪದ ಅಂಜದೀವ್ ದ್ವೀಪವನ್ನು ಪೋರ್ತುಗೀಸರಿಂದ ಬಿಡಿಸಿಕೊಳ್ಳುವಾಗ ‘ತ್ರಿಶೂಲ’ ನೌಕೆಯೊಡನೆ ಇದೂ ಇದ್ದಿತು. ಏಳು ಮಂದಿ ಭಾರತೀಯ ನಾವಿಕರು ಅಲ್ಲಿ ಪ್ರಾಣವನ್ನೊಪ್ಪಿಸಿದರು. ೧೯೭೧ರ ಯುದ್ಧದಲ್ಲಿ ಇದು ಪಶ್ಚಿಮ ನೌಕಾಪಡೆಯ ಧ್ವಜನೌಕೆಯಾಗಿದ್ದು, ೧೯೮೫ನೆಯ ಆಗಸ್ಟ್ ೨೦ರಂದು ನಿವೃತ್ತಿಹೊಂದಿತು. ೧೯೯೯ರಲ್ಲಿ ಸೇವೆಗೆ ಸೇರಿದ ಹೊಸ ನೌಕೆಯೊಂದಕ್ಕೆ ಈ ಹೆಸರೇ ಬಂದಿತು.

ಇಷ್ಟೂ ಸತ್ಯವೇ, ಸ್ತುತ್ಯವೂ ಹೌದು. ಆದರೆ ಇಲ್ಲಿ ಹೇಳಲ್ಪಟ್ಟುದೆಲ್ಲವೂ ಹಡಗಿನ ಹೊರಮೈಯಲ್ಲಿ ನಡೆದುದು. ಒಳಗೆ ನಾಲ್ಕು ಬಾಯ್ಲರುಗಳಲ್ಲಿ ನೀರು ಕುದಿದು, ಅತ್ಯುಷ್ಣವಾದ ಆವಿಯು ಕೊಳವೆಗಳಲ್ಲಿ ಹರಿದು ಟರ್ಬೈನುಗಳನ್ನು ತಿರುಗಿಸಬೇಕಾಗಿತ್ತು. ಕೊಳವೆಯನ್ನು ಮುಟ್ಟಿದವನ ಕೈ ಸುಡದಂತೆಯೂ, ಆವಿಯ ಕಾವು ಸೋರಿಹೋಗದಂತೆಯೂ ಅವುಗಳಿಗೆ ದಪ್ಪವಾದ ಹೊದಿಕೆಯು ಬೇಕು. ಆ ಕಾಲದ ಯುದ್ಧನೌಕೆಗಳಲ್ಲೆಲ್ಲ ಈ ಹೊದಿಕೆಗೆ ಕಲ್ನಾರನ್ನೇ ಉಪಯೋಗಿಸುತ್ತಿದ್ದರು. ಕೊಳವೆಯನ್ನು ರಿಪೇರಿ ಮಾಡಬೇಕಾದಾಗಲೆಲ್ಲ ಹಳೆಯ ಹೊದಿಕೆಯನ್ನು ಕಿತ್ತು, ಹೊಸದನ್ನು ಕಲಸಿ ಮೆತ್ತಬೇಕು. ಗಾಳಿಯಾಡದ ಯಂತ್ರಕೋಣೆಯಲ್ಲಿ ಆ ಧೂಳು ಕೆಲಸಗಾರನೊಬ್ಬನನ್ನು ಮಾತ್ರವಲ್ಲದೆ ಪಕ್ಕದಲ್ಲಿ ನಿಂತವನನ್ನೂ ಮುಟ್ಟುತ್ತಿದ್ದಿತು. ಫಿರಂಗಿಗಳು ಹಾರಿದಾಗ ಹಡಗೆಲ್ಲ ನಡುಗಿ, ಹಳತಾದ ಹೊದಿಕೆಯಿಂದ ಎಳೆಗಳು ಉದುರುವುದೂ ಉಂಟು. ಶ್ವಾಸಕೋಶದ ಆಳಕ್ಕೆ ಇಳಿದ ಎಳೆಯನ್ನು ದೇಹವು ಕರಗಿಸಲಾರದು. ಅದರ ಸುತ್ತ ಗಾಯದ ಕಲೆಯಂತಹ ಗಟ್ಟಿಪೊರೆಯು ಬೆಳೆದು ಉಸಿರು ಕುಗ್ಗುವುದು ಒಂದು ರೋಗ. ಶ್ವಾಸಕೋಶದ ಅರ್ಬುದ ಮತ್ತೊಂದು. ಶ್ವಾಸಕೋಶವನ್ನು ಸುತ್ತಿರುವ ತೆಳುಪೊರೆಯಲ್ಲಿ ಹುಟ್ಟುವ ಮೀಸೋಥೀಲಿಯೋಮ ಎಂಬ ಅರ್ಬುದವು ಮೂರನೆಯದು. ಈ ಮೂರನೆಯದು ಕಾಣಿಸಿಕೊಳ್ಳಲು ಇಪ್ಪತ್ತರಿಂದ ಐವತ್ತು ವರ್ಷಗಳು ಹಿಡಿಯುತ್ತವೆ.

ಇಲ್ಲಿ ಶಬ್ದವಿಚಾರವು ಸ್ವಲ್ಪ ಅವಶ್ಯಕ. ಗ್ರೀಕರು ‘ಆಸ್ಬೆಸ್ಟಾಸ್’ ಎಂದರೆ ನಂದದುದು ಎಂದೂ, ‘ಅಮಿಯಾಂಟಾಸ್’ ಎಂದರೆ ಮಲಿನವಾಗದುದು ಎಂದೂ ಹೇಳಿದರು. ಸಂಸ್ಕೃತದಲ್ಲಿ ‘ಅಗ್ನಿಶೌಚ’ವೆಂಬ, ಬೆಂಕಿಯಿಂದ ಶುದ್ಧವಾಗುವ ವಸ್ತ್ರದ ಪ್ರಸ್ತಾಪವುಂಟು. ದೇವೀಮಾಹಾತ್ಮ್ಯದಲ್ಲಿ ಶುಂಭಾಸುರನ ಐಶ್ವರ್ಯವನ್ನು ಎಣಿಸುವಲ್ಲಿ, ಅಗ್ನಿಯು ಅವನಿಗೆ ಇಂತಹ ವಸ್ತ್ರಯುಗ್ಮವನ್ನು ಕೊಟ್ಟನೆಂದಿದೆ. ಇದು ಕಲ್ನಾರಿನ ಬಟ್ಟೆಯೇ ಇರಬಹುದೆಂದು ಕೆಲವು ವಿದ್ವಾಂಸರು ಊಹಿಸಿರುತ್ತಾರೆ. ಈ ನಾಮಗಳೆಲ್ಲವೂ ಗುಣಪರವಾದುವು. ದೋಷವನ್ನು ಸೂಚಿಸುವುದು ಒಂದೂ ಇಲ್ಲ. ನಮ್ಮ ‘ಕಲ್ನಾರು’ ಎಂಬ ದೇಶ್ಯಶಬ್ದವಾದರೋ ಸ್ತುತಿಗೆ ಹೋಗದೆ, ಕಲ್ಲಾಗಿದ್ದೂ ನಾರಾಗಿ ಸೀಳುತ್ತದೆಂಬ ವಸ್ತುಸ್ವಭಾವವನ್ನು ಹೇಳಿ ಸುಮ್ಮನಾಗುತ್ತದೆ. ಅಪಾಯದ ಬೀಜವಿರುವುದು ಆ ಸೀಳುವ ಸ್ವಭಾವದಲ್ಲಿಯೇ ಆದುದರಿಂದ ಈ ಶಬ್ದವೇ ಉಳಿದೆಲ್ಲವುಗಳಿಗಿಂತ ಶಾಸ್ತ್ರೀಯವಾದುದೆಂದು ನಮ್ಮ ಅಭಿಪ್ರಾಯ.

ಈ ದೋಷವು ಆಗ ಯಾರಿಗೂ ತಿಳಿದಿರಲಿಲ್ಲವೆಂದು ಹೇಳುವಂತಿಲ್ಲ. ಕಲ್ನಾರಿನ ಕಾರ್ಖಾನೆಯಲ್ಲಿ ದುಡಿದ ಇಂಗ್ಲೆಂಡಿನ ಸ್ತ್ರೀಯೊಬ್ಬಳ ಮರಣದ ವಿಷಯವು ೧೯೨೪ರಲ್ಲಿಯೇ ವೈದ್ಯಪತ್ರಿಕೆಯಲ್ಲಿ ಪ್ರಕಟವಾಯಿತು. ೧೯೩೦ರಲ್ಲಿ ಮೆರೆವೆದರ್ ಮತ್ತು ಪ್ರೈಸ್ ಎಂಬುವರು ಬ್ರಿಟಿಷ್ ಸರ್ಕಾರಕ್ಕೆ ವರದಿಯನ್ನೊಪ್ಪಿಸಿದರು. ೧೯೩೧ರಲ್ಲಿ ನಿಯಮಗಳು ಹೊರಟುವು. ಎಂದರೆ ‘ನೈಜೀರಿಯ’ದ ನಿರ್ಮಾಣಕ್ಕೆ ಏಳು ವರ್ಷ ಮೊದಲೇ ಧೂಳಿನ ಅಪಾಯವು ರಾಜಶಾಸನಕ್ಕೆ ವಿಷಯವಾಗಿತ್ತು. ಆದರೆ ಆ ನಿಯಮಗಳ ದೃಷ್ಟಿಯು ಮುಖ್ಯವಾಗಿ ಕಾರ್ಖಾನೆಗಳ ಮೇಲಿದ್ದಿತೇ ಹೊರತು ನಾವಿಕನ ಮೇಲಿರಲಿಲ್ಲ.

ಯುದ್ಧವು ಮುಗಿದ ಬಳಿಕ ೧೯೪೬ರಲ್ಲಿ ಅಮೆರಿಕೆಯ ಫ್ಲೀಷರ್ ಮೊದಲಾದ ನಾಲ್ವರು, ಯುದ್ಧನೌಕೆಗಳ ಕೊಳವೆಗಳಿಗೆ ಹೊದಿಕೆ ಹಾಕುವ ೧೦೭೪ ಮಂದಿಯನ್ನು ಪರೀಕ್ಷಿಸಿ, ಮೂವರಲ್ಲಿ ಮಾತ್ರ ರೋಗವನ್ನು ಕಂಡು, ಈ ಕೆಲಸವು ಸಾಮಾನ್ಯವಾಗಿ ನಿರಪಾಯವೆಂದು ತೀರ್ಮಾನಿಸಿದರು. ಈ ಗ್ರಂಥವು ವಿಮರ್ಶೆಗೆ ಬಹು ಯೋಗ್ಯವಾದುದು. ಪರೀಕ್ಷಿತರಲ್ಲಿ ನೂರಕ್ಕೆ ೯೫ ಮಂದಿ ಆ ಕೆಲಸಕ್ಕೆ ಸೇರಿ ಹತ್ತು ವರ್ಷಗಳೂ ಆಗಿರಲಿಲ್ಲ. ರೋಗವು ಕಂಡ ಮೂವರಾದರೋ ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ದುಡಿದವರು. ಕಾಣದಿರುವುದರಿಂದ ಇಲ್ಲವೆಂದು ನಿಶ್ಚಯಿಸಬೇಕಾದರೆ, ಇದ್ದಿದ್ದರೆ ಕಾಣಲೇಬೇಕಾಗಿತ್ತು ಎಂಬ ಯೋಗ್ಯತೆಯು ಸಿದ್ಧವಾಗಿರಬೇಕೆಂದು ನಮ್ಮ ಮೀಮಾಂಸಕರೂ ವೇದಾಂತಿಗಳೂ ಅನುಪಲಬ್ಧಿಪ್ರಮಾಣದ ವಿಚಾರದಲ್ಲಿ ಹೇಳಿದ್ದಾರೆ. ಕತ್ತಲೆಯಲ್ಲಿ ಗಡಿಗೆಯು ಕಾಣದ ಮಾತ್ರಕ್ಕೆ ಗಡಿಗೆಯಿಲ್ಲವೆನ್ನುವುದು ಸಲ್ಲದು. ಇಪ್ಪತ್ತು ವರ್ಷಕ್ಕೆ ತಲೆದೋರುವ ರೋಗವನ್ನು ಹತ್ತು ವರ್ಷದೊಳಗೆ ಹುಡುಕಿದವರ ಅನುಪಲಬ್ಧಿಯು ಇದೇ ಜಾತಿಯದು. ಮುಂದೆ ೧೯೬೦ರಲ್ಲಿ ದಕ್ಷಿಣ ಆಫ್ರಿಕದಲ್ಲಿ ವ್ಯಾಗ್ನರ್ ಮೊದಲಾದವರು ಮೀಸೋಥೀಲಿಯೋಮಕ್ಕೂ ಕಲ್ನಾರಿಗೂ ಇರುವ ಸಂಬಂಧವನ್ನು ತೋರಿಸಿದರು. ೧೯೬೮ರಲ್ಲಿ ಹ್ಯಾರಿಸ್ ಎಂಬ ವೈದ್ಯರು ಬ್ರಿಟನ್ನಿನ ನೌಕಾಕಟ್ಟೆಗಳಲ್ಲಿನ ಅಪಾಯವನ್ನು ಬರೆದರು. ೧೯೯೯ರಲ್ಲಿ ಬ್ರಿಟನ್ ಎಲ್ಲ ಬಗೆಯ ಕಲ್ನಾರನ್ನೂ ನಿಷೇಧಿಸಿತು.

ಇನ್ನು ಪೂರ್ವಪಕ್ಷ. ‘ಯುದ್ಧದಲ್ಲಿ ಟಾರ್ಪಿಡೊವಿನ ಭಯವೇ ಪ್ರಬಲ, ಕಲ್ನಾರಿಲ್ಲದೆ ಹಡಗು ನಡೆಯದು, ಆದುದರಿಂದ ಧೂಳಿನ ಮಾತು ಅಪ್ರಸ್ತುತ’ ಎನ್ನಬಹುದು. ೧೯೪೨ರ ಮಟ್ಟಿಗೆ ಇದನ್ನು ಒಪ್ಪಬಹುದು. ಆದರೆ ನೌಕೆಯು ‘ಮೈಸೂರು’ ಆದಮೇಲೆ ಅದರ ೨೮ ವರ್ಷಗಳಲ್ಲಿ ಬಹುಭಾಗವು ಶಾಂತಿಕಾಲವೇ. ಯಾವ ಅಧಿಕಾರಿಯ ಮೇಲೂ ದೋಷವನ್ನು ಹೊರಿಸುವುದು ನಮ್ಮ ಉದ್ದೇಶವಲ್ಲ. ಅಪಾಯವು ಅನಿವಾರ್ಯವಾಗಿದ್ದರೂ ಅದನ್ನು ತಿಳಿಸುವುದು ಸಾಧ್ಯವಾಗಿತ್ತು ಎಂಬುದಷ್ಟೇ ನಮ್ಮ ಸಿದ್ಧಾಂತ.

ಈ ಮಾತಿಗೆ ನೌಕೆಯ ಧ್ಯೇಯವಾಕ್ಯವೇ ಸಾಕ್ಷಿ. ಎಂದಿಗೂ ಅಂಜನು ಎಂಬರ್ಥದ ಅದರ ಮೂರು ಪದಗಳು ತೈತ್ತಿರೀಯೋಪನಿಷತ್ತಿನ ಆನಂದವಲ್ಲಿಯ ನಾಲ್ಕನೆಯ ಅನುವಾಕದಿಂದ ಬಂದುವು. ಒಂಬತ್ತನೆಯದರಲ್ಲಿ ‘ಕದಾಚನ’ ಎಂಬುದರ ಸ್ಥಾನದಲ್ಲಿ ‘ಕುತಶ್ಚನ’ ಎಂದಿದೆ. ಎರಡೆಡೆಯಲ್ಲಿಯೂ ಅಂಜದವನು ಯಾರೆಂದರೆ ‘ವಿದ್ವಾನ್’, ಅರಿತವನು. ಧ್ಯೇಯವಾಕ್ಯವನ್ನು ಆರಿಸಿದವರು ಕ್ರಿಯೆಯನ್ನು ಉಳಿಸಿಕೊಂಡು ಕರ್ತೃವನ್ನು ಬಿಟ್ಟರು. ಅಲ್ಲಿ ಹೇಳಿರುವ ಅರಿವು ಬ್ರಹ್ಮವಿಷಯಕವೆಂಬುದನ್ನು ನಾವು ಮರೆತಿಲ್ಲ. ಆದರೂ ಅಭಯವು ಜ್ಞಾನದ ಫಲವೆಂಬ ಕ್ರಮವು ಲೋಕದಲ್ಲಿಯೂ ಸಲ್ಲುತ್ತದೆ. ತಿಳಿದು ಅಂಜದವನು ಧೀರ; ತಿಳಿಯದೆ ಅಂಜದವನನ್ನು ಧೀರನೆನ್ನುವುದಕ್ಕಿಂತ ವಂಚಿತನೆನ್ನುವುದು ಸರಿ. ಅದೇ ವಲ್ಲಿಯ ಏಳನೆಯ ಅನುವಾಕವು, ತಿಳಿದೂ ಮನನಮಾಡದವನಿಗೆ ಭಯವು ತಪ್ಪದೆಂದು ಹೇಳುತ್ತದೆ. ೧೯೩೦ರಲ್ಲಿ ತಿಳಿದುದನ್ನು ಮನನಮಾಡದೆ ಬಿಟ್ಟವರಿಗೆ ಆ ಮಾತು ಅನ್ವಯಿಸುವುದು.

ಈ ವಿಚಾರವು ಗತಕಾಲದ್ದೆಂದು ಎಣಿಸಬಾರದು. ೧೯೮೫ರಲ್ಲಿ ಇಪ್ಪತ್ತು ವರ್ಷದವನಾಗಿದ್ದ ನಾವಿಕನು ೨೦೨೫ಕ್ಕೆ ಅರವತ್ತನ್ನು ಮುಟ್ಟಿದನು. ರೋಗದ ಅವಧಿಯು ಇನ್ನೂ ಕಳೆದಿಲ್ಲ. ಹಲಸೂರಿನಲ್ಲಿಯೂ ಇಂದಿರಾನಗರದ ಡಿಫೆನ್ಸ್ ಕಾಲೊನಿಯಲ್ಲಿಯೂ ನಿವೃತ್ತ ಯೋಧರು ಬಹುಮಂದಿ ನೆಲಸಿದ್ದಾರೆ. ಅವರಲ್ಲಿ ಆವಿನೌಕೆಗಳಲ್ಲಿ ದುಡಿದವರಿದ್ದರೆ, ಉಬ್ಬಸಕ್ಕೆ ಔಷಧ ಬರೆಯುವ ವೈದ್ಯರು ‘ಯಾವ ಹಡಗಿನಲ್ಲಿ, ಯಾವ ಕೋಣೆಯಲ್ಲಿ ಎಷ್ಟು ವರ್ಷ?’ ಎಂದು ಕೇಳತಕ್ಕದ್ದು. ೧೯೯೫ನೆಯ ಜನವರಿಯಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು ಕಲ್ನಾರಿನ ಉದ್ಯಮಗಳು ಕೆಲಸಗಾರರ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ ನಲವತ್ತು ವರ್ಷ, ಅಥವಾ ಬಿಟ್ಟ ಮೇಲೆ ಹದಿನೈದು ವರ್ಷ, ಯಾವುದು ಹೆಚ್ಚೋ ಅಷ್ಟು ಕಾಲ ಇಡಬೇಕೆಂದು ವಿಧಿಸಿದುದರ ತಾತ್ಪರ್ಯವೂ ಇದೇ. ಶಿವಾಜಿನಗರದ ಓಣಿಗಳಿಂದ ಕೃಷ್ಣರಾಜಪುರದ ಶೆಡ್ಡುಗಳವರೆಗೆ ಅದೇ ಕಲ್ನಾರು ಸಿಮೆಂಟಿನೊಡನೆ ಕೂಡಿ ಮಾಡಿನ ಶೀಟಾಗಿ ನಿಂತಿರುವುದನ್ನೂ ನೋಡುತ್ತೇವೆ. ಒಡೆಯದೆ ಇರುವವರೆಗೆ ಅದರಿಂದ ಧೂಳು ಅಲ್ಪ. ಕೊಯ್ಯುವಾಗ, ಕೊರೆಯುವಾಗ, ಒಡೆಯುವಾಗ ಅಪಾಯವು ಹೆಚ್ಚು.

ಆದುದರಿಂದ ‘ಮೈಸೂರು’ ನೌಕೆಯ ಚರಿತ್ರೆಯನ್ನು ಮುಂದೆ ಬರೆಯತಕ್ಕವರು ಅದರ ಕಾಳಗಗಳ ಪಟ್ಟಿಯೊಡನೆ ಅದರ ಬಾಯ್ಲರುಕೋಣೆಗಳಲ್ಲಿ ದುಡಿದವರ ಆರೋಗ್ಯವನ್ನೂ ಸೇರಿಸಬೇಕು. ಅವರ ಮಾತುಗಳನ್ನು ಅವರು ಬದುಕಿರುವಾಗಲೇ ಬರೆದಿಡುವ ಕಾರ್ಯವನ್ನು ನಮ್ಮ ಅಧ್ಯಾಪಕರೂ ವಿದ್ಯಾರ್ಥಿಗಳೂ ಕೈಕೊಳ್ಳುವರೆಂದು ಆಶಿಸುತ್ತೇವೆ.