ತುಳಿದವರ ವಿಶ್ವಾಸ

ಮಿಷನರಿಗಳ ಜೀವನಚರಿತ್ರೆಗಳಲ್ಲಿ ಕಷ್ಟಕ್ಕೆ ಒಂದು ಗೊತ್ತುಮಾಡಿದ ಕೆಲಸವಿರುತ್ತದೆ. ಅದು ಪಾದ್ರಿಯನ್ನು ಪರೀಕ್ಷಿಸಬೇಕು, ಪಾದ್ರಿ ಗೆಲ್ಲಬೇಕು. ಹಡಗೊಡೆತ, ಜ್ವರ, ಸೆರೆಮನೆ, ಕೊನೆಗೆ ರಕ್ತಸಾಕ್ಷಿಯ ಸಾವು. ಜಪಾನಿನ ಕ್ಯಾಥೊಲಿಕ್ ಲೇಖಕ ಶುಸಾಕು ಎಂಡೋ 1966ರಲ್ಲಿ ಪ್ರಕಟಿಸಿದ ‘ಚಿನ್ಮೊಕು’, ಅಂದರೆ ‘ಮೌನ’, ಇದೇ ಸಾಮಗ್ರಿಯನ್ನು ಎತ್ತಿಕೊಂಡು ಇಡೀ ಲೆಕ್ಕವನ್ನೇ ಬುಡಮೇಲು ಮಾಡುತ್ತದೆ. ಇಲ್ಲಿ ಪರೀಕ್ಷೆ ಪಾದ್ರಿಗೆ, ಪೆಟ್ಟು ಮಾತ್ರ ಬೇರೆಯವರ ಮೈಗೆ.

ಕತೆ ಹೊರಡುವುದು 1638ರ ಲಿಸ್ಬನ್‌ನಿಂದ. ಏಸುಸಭೆಯ ತರುಣ ಪಾದ್ರಿ ರೊಡ್ರಿಗಸ್ ಜೊತೆಗಾರ ಗಾರ್ಪೆಯೊಂದಿಗೆ ಗೋವಾ, ಮಕಾವ್ ಹಾದು ಜಪಾನಿಗೆ ಕಳ್ಳತನದಲ್ಲಿ ಇಳಿಯುತ್ತಾನೆ. ಗೋವಾದಿಂದ ಹೊರಟ ಫ್ರಾನ್ಸಿಸ್ ಕ್ಸೇವಿಯರ್ 1549ರಲ್ಲಿ ಕಾಗೊಶಿಮಾ ಮುಟ್ಟಿದಾಗ ಈ ದಾರಿ ತೆರೆದಿತ್ತು. ನಮ್ಮ ವಸಾಯಿಯ ಗೊನ್ಸಾಲೊ ಗಾರ್ಸಿಯಾ 1597ರಲ್ಲಿ ನಾಗಸಾಕಿಯ ಶಿಲುಬೆಯ ಮೇಲೆ ಸತ್ತ ಇಪ್ಪತ್ತಾರು ಮಂದಿಯಲ್ಲೊಬ್ಬ. 1614ರಲ್ಲಿ ಕ್ರೈಸ್ತಧರ್ಮ ನಿಷೇಧವಾದ ಮೇಲಂತೂ ಪಾದ್ರಿಯನ್ನು ಬಚ್ಚಿಟ್ಟ ಹಳ್ಳಿಯೇ ಉಳಿಯುವಂತಿರಲಿಲ್ಲ. ರೊಡ್ರಿಗಸ್‌ಗೆ ಇದು ಗೊತ್ತು, ಆದರೂ ಬರುತ್ತಾನೆ. ಗುರು ಫೆರೇರಾ ವಿಶ್ವಾಸ ಬಿಟ್ಟನೆಂಬ ಸುದ್ದಿಯನ್ನು ಅವನು ನಂಬಲಾರ. ಫೆರೇರಾ ಕಲ್ಪನೆಯ ಪಾತ್ರವಲ್ಲ. 1633ರಲ್ಲಿ ಹೊಂಡದೊಳಗೆ ತಲೆಕೆಳಗಾಗಿ ಐದು ಗಂಟೆ ನೇತಾಡಿ ಧರ್ಮ ಬಿಟ್ಟವನು.

ಕಾದಂಬರಿಯ ನಿಜವಾದ ಶಕ್ತಿ ಒಂದು ರಾತ್ರಿಯಲ್ಲಿದೆ. ಸೆರೆಸಿಕ್ಕ ರೊಡ್ರಿಗಸ್ ಕತ್ತಲೆ ಕೋಣೆಯಲ್ಲಿ ಕೂತು ತನ್ನ ಸಾವನ್ನು ಕ್ರಿಸ್ತನ ಸಾವಿನ ಪಕ್ಕದಲ್ಲಿಟ್ಟು ನೋಡುತ್ತಿದ್ದಾನೆ. ಹೊರಗೆ ಯಾರೋ ಗೊರಕೆ ಹೊಡೆಯುತ್ತಿದ್ದಾರೆ. ಕಾವಲುಗಾರ ಕುಡಿದು ಮಲಗಿರಬೇಕೆಂದು ಅವನಿಗೆ ನಗು ಬರುತ್ತದೆ, ಆಮೇಲೆ ಸಿಟ್ಟು. ಅದು ಗೊರಕೆಯಲ್ಲ, ಹೊಂಡದಲ್ಲಿ ನೇತಾಡುತ್ತಿರುವ ರೈತರ ನರಳಿಕೆ ಎಂದು ಫೆರೇರಾ ಬಂದು ಹೇಳುತ್ತಾನೆ. ಬೇಗ ಸಾಯದಿರಲೆಂದು ಕಿವಿಯ ಹಿಂದೆ ಸಣ್ಣದಾಗಿ ಕೊಯ್ದು ರಕ್ತ ತೊಟ್ಟಿಕ್ಕಲು ಬಿಟ್ಟಿದ್ದಾರೆ. ಇನ್ನೂ ಕ್ರೂರವಾದ ಸಂಗತಿ, ಆ ರೈತರು ಆಗಲೇ ಧರ್ಮ ಬಿಟ್ಟಿದ್ದಾರೆ. ಪಾದ್ರಿ ಬಿಡುವವರೆಗೂ ಅವರಿಗೆ ಬಿಡುಗಡೆಯಿಲ್ಲ. ಅವನ ದೃಢತೆಗೆ ಅಷ್ಟೂ ಹೊತ್ತು ಬಾಡಿಗೆ ಕಟ್ಟುತ್ತಿದ್ದವರು ಅವರು. ಸಹನೆಯ ಬಗ್ಗೆ ಇಷ್ಟು ನಿರ್ದಯವಾದ ಪುಟಗಳನ್ನು ನಾನು ಓದಿಲ್ಲ. ವಿದೇಶದ ಮಿಷನ್ ಪ್ರವಾಸ ಮುಗಿಸಿ ಬಂದು ‘ದೇವರು ನಮ್ಮನ್ನು ಕಾಪಾಡಿದ’ ಎಂದು ಸಾಕ್ಷಿ ಹೇಳುವವರು, ಆತಿಥ್ಯ ಕೊಟ್ಟ ಮನೆಯವರಿಗೆ ಆಮೇಲೆ ಏನಾಯಿತೆಂದೂ ಹೇಳಿದರೆ ಚೆನ್ನಾಗಿತ್ತು.

ಆದರೆ ಎಂಡೋ ಈ ತಿಳಿವನ್ನು ಕೊನೆಯವರೆಗೆ ಒಯ್ಯುವುದಿಲ್ಲ. ಧರ್ಮ ಬಿಟ್ಟದ್ದಕ್ಕೆ ಗುರುತಾಗಿ ತುಳಿಯಬೇಕಾದ, ಕ್ರಿಸ್ತನ ಚಿತ್ರವಿರುವ ಫುಮಿಎ ಫಲಕದ ಮೇಲೆ ರೊಡ್ರಿಗಸ್ ಕಾಲಿಡುವ ಗಳಿಗೆಯಲ್ಲಿ ಕ್ರಿಸ್ತನೇ ಮಾತಾಡಿ ತುಳಿಯಲು ಅಪ್ಪಣೆ ಕೊಡುತ್ತಾನೆ. ಪಾದ್ರಿಯನ್ನು ಬಚ್ಚಿಟ್ಟಿದ್ದ ಹಳ್ಳಿಯ ರೈತರು ಮೋಕಿಚಿ, ಇಚಿಜೊ ಕಂಬಕ್ಕೆ ಕಟ್ಟಿಸಿಕೊಂಡು ಉಬ್ಬರದ ಅಲೆಗಳಿಗೆ ಬಲಿಯಾಗುವಾಗ ತುಟಿ ಬಿಚ್ಚದ ದೇವರು ಪಾದ್ರಿಯ ಸಂಕಟಕ್ಕೆ ಓಗೊಡುತ್ತಾನೆ! ರೈತರು ಸತ್ತದ್ದು ನಮಗೆ ಗೊತ್ತು, ಅವರ ಒಳಗೇನಿತ್ತೆಂದು ಗೊತ್ತಿಲ್ಲ. ಪದೇ ಪದೇ ತುಳಿದು, ಪದೇ ಪದೇ ಪಾಪನಿವೇದನೆಗೆ ಓಡಿಬರುವ ಕಿಚಿಜಿರೊ ಒಬ್ಬನೇ ಅಪವಾದ. ಅವನೂ ಬಹುಪಾಲು ಪಾದ್ರಿಯ ಜುಗುಪ್ಸೆಯ ಕಣ್ಣಿಗೆ ಕಂಡಷ್ಟೇ.

2016ರಲ್ಲಿ ಮಾರ್ಟಿನ್ ಸ್ಕಾರ್ಸೆಸಿ ಮಾಡಿದ ಚಿತ್ರ ಪಾದ್ರಿಯ ಕಡೆಗಿನ ಈ ಒಲವನ್ನು ಇನ್ನಷ್ಟು ಬಿಗಿಯಾಗಿಸಿತು. ಮಂಜು, ಕೆಸರು, ಅಲೆಗಳ ಸದ್ದನ್ನು ಅದು ಸಂಗೀತದ ಹಂಗಿಲ್ಲದೆ ಕೇಳಿಸುತ್ತದೆ, ಒಪ್ಪಿದೆ. ಕೊನೆಗೆ ಮಾತ್ರ ಸುಡುವ ಶವಪೆಟ್ಟಿಗೆಯೊಳಗೆ ಕ್ಯಾಮೆರಾ ನುಗ್ಗಿ, ರೊಡ್ರಿಗಸ್‌ನ ಅಂಗೈಯಲ್ಲಿ ಪುಟ್ಟ ಶಿಲುಬೆ ತೋರಿಸುತ್ತದೆ. ಕಾದಂಬರಿ ಅಧಿಕಾರಿಯೊಬ್ಬನ ಒಣ ದಿನಚರಿಯಲ್ಲಿ ಮುಗಿದು, ಸಂಶಯವನ್ನು ಓದುಗನಿಗೇ ಬಿಡುತ್ತದೆ. ನಿರ್ದೇಶಕ ನಾಯಕನಿಗೆ ಅಂಕ ಕೊಟ್ಟು ಪಾಸು ಮಾಡಿಬಿಟ್ಟ.

ಜಪಾನ್ ಒಂದು ಜೌಗು, ಇಲ್ಲಿ ನೆಟ್ಟ ಸಸಿ ಕೊಳೆಯುತ್ತದೆ ಎಂಬುದು ಫೆರೇರಾನ ವಾದ. ಕಾದಂಬರಿಯಲ್ಲಿ ಅದಕ್ಕೆ ಸರಿಸಾಟಿಯಾದ ಉತ್ತರವಿಲ್ಲ, ಚರಿತ್ರೆಯಲ್ಲಿದೆ. 1865ರಲ್ಲಿ ನಾಗಸಾಕಿಯ ಹೊಸ ಓಊರಾ ಚರ್ಚಿಗೆ ಉರಕಾಮಿಯ ರೈತರು ಬಂದು, ತಮ್ಮದೂ ಅದೇ ವಿಶ್ವಾಸವೆಂದು ಫ್ರೆಂಚ್ ಪಾದ್ರಿ ಪೆತಿಜಾನ್‌ಗೆ ತಿಳಿಸಿದರು, ಸಾಂತಾ ಮಾರಿಯಾಳ ಪ್ರತಿಮೆ ಎಲ್ಲಿದೆಯೆಂದು ವಿಚಾರಿಸಿದರು. ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಗುರುಗಳಿಲ್ಲದೆ, ದೀಕ್ಷಾಸ್ನಾನ ತಾವೇ ಕೊಟ್ಟುಕೊಂಡು ಉಳಿದವರು. ಅವರ ಹಿರಿಯರು ಹೊಸವರ್ಷದ ಹೊತ್ತಿಗೆ ಅಧಿಕಾರಿಗಳ ಮುಂದೆ ಫುಮಿಎ ತುಳಿದು, ಮನೆಗೆ ಬಂದು ಪಶ್ಚಾತ್ತಾಪದ ಪ್ರಾರ್ಥನೆ ಹೇಳಿಕೊಳ್ಳುತ್ತಿದ್ದರು. ಅಂದರೆ ವಿಶ್ವಾಸ ಉಳಿದದ್ದು ತುಳಿದವರಿಂದಲೇ, ಕಿಚಿಜಿರೊಗಳಿಂದ. ಬಹಿರಂಗವಾದ ತಪ್ಪಿಗೆ ಉರಕಾಮಿಯ ಮೂರು ಸಾವಿರಕ್ಕೂ ಹೆಚ್ಚು ಜನ ಗಡಿಪಾರಾದರು. ನಿಷೇಧ ಸಡಿಲಿದ್ದು 1873ರಲ್ಲಿ. ಆಮೇಲೂ ಕೆಲವು ಗುಪ್ತ ಕ್ರೈಸ್ತರು ರೋಮಿನ ಸಭೆಗೆ ಮರಳದೆ, ಅಜ್ಜಂದಿರ ಪ್ರಾರ್ಥನೆಗಳನ್ನೇ ಮುಂದುವರಿಸಿದರು.

ಎಂಡೋಗೆ ಇದೆಲ್ಲ ಗೊತ್ತಿತ್ತು. 1969ರ ‘ಹಹಾ ನಾರು ಮೊನೊ’ ಕತೆಯಲ್ಲಿ ಅವನು ಇಂಥ ಗುಪ್ತ ಕ್ರೈಸ್ತರ ದ್ವೀಪಕ್ಕೇ ಹೋಗುತ್ತಾನೆ. ಅಲ್ಲಿನವರು ಪೂಜಿಸುವ ಮರಿಯಾ ಮಗುವಿಗೆ ಮೊಲೆಯೂಡಿಸುವ ಒಬ್ಬ ಜಪಾನಿ ರೈತ ಹೆಂಗಸು. ಚಿಕ್ಕದಾದ ಆ ಕತೆ ನನಗೆ ‘ಮೌನ’ಕ್ಕಿಂತ ಹೆಚ್ಚು ಧೈರ್ಯದ್ದೆನಿಸುತ್ತದೆ. ಅದು ಯುರೋಪಿನ ಪಾದ್ರಿಯ ಅಪ್ಪಣೆಗೆ ಕಾಯುವುದಿಲ್ಲ.