ಮೂವತ್ತು ತುಂಬುವವರೆಗೆ ಸೊನ್ನೆ

ಆಶಾ ಕಾರ್ಯಕರ್ತೆಯರು ಮನೆಮನೆಗೆ ಒಯ್ಯುವ ಸಿಬಿಎಸಿ (ಸಮುದಾಯ ಆಧಾರಿತ ತಪಾಸಣಾ ಪಟ್ಟಿ) ಫಾರಂ ಬಿಪಿ, ಸಕ್ಕರೆ ಕಾಯಿಲೆಗಳ ಅಪಾಯಕ್ಕೆ ಅಂಕ ಕೊಡುತ್ತದೆ. ವಯಸ್ಸು, ತಂಬಾಕು, ಕುಡಿತ, ಸೊಂಟದ ಸುತ್ತಳತೆ, ವಾರಕ್ಕೆ 150 ನಿಮಿಷದ ದೈಹಿಕ ಚಟುವಟಿಕೆ, ಮನೆತನದ ಕಾಯಿಲೆ. ಅಂಕಕ್ಕೆ ಇಷ್ಟೇ ಪ್ರಶ್ನೆ. ನಾಲ್ಕು ದಾಟಿದವರಿಗೆ ತಪಾಸಣೆಯಲ್ಲಿ ಮೊದಲ ಸರದಿ. ಒಂದು ಟೇಪು, ಒಂದು ಪೆನ್ನಿನಲ್ಲಿ ಮುಗಿಯುವ ಈ ಸರಳತೆ ಸಣ್ಣ ಸಾಧನೆಯಲ್ಲ. ಆದರೆ ತೆಲಂಗಾಣದ ಜಹೀರಾಬಾದ್, ನಾರಾಯಣಖೇಡ, ತಾಂಡೂರು ಕಡೆಯ ಹರೆಯದವರನ್ನು ಮುಂದಿಟ್ಟುಕೊಂಡು ಓದಿದರೆ ಅದರ ತೂತು ಕಾಣುತ್ತದೆ.

ಲೆಕ್ಕ ಹಾಕಿ ನೋಡಿ. 26ರ ಹುಡುಗ, ದಿನಾ ಗುಟ್ಕಾ: ಎರಡು ಅಂಕ. ಅಪ್ಪನಿಗೆ ಬಿಪಿ: ಇನ್ನೆರಡು. ವಯಸ್ಸಿಗೆ ಸೊನ್ನೆ. ನಾಲ್ಕಕ್ಕೆ ನಿಂತ. 30 ತುಂಬಿದ ದಿನ ಅದೇ ಗುಟ್ಕಾ, ಅದೇ ಅಪ್ಪ, ಅಂಕ ಮಾತ್ರ ಐದು. ಅಸಲಿಗೆ ಮನೆಮನೆ ತಪಾಸಣೆ ಶುರುವಾಗುವುದೇ 30ರಿಂದ. ಈ ಹುಡುಗನನ್ನು ಕೇಳುವವರೇ ಇಲ್ಲ.

ಅದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಉಪ್ಪು. ದಿನಕ್ಕೆ 5 ಗ್ರಾಂ ಒಳಗಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಉಪ್ಪಿನ ಬಗ್ಗೆ ಅಂಕದ ಪ್ರಶ್ನೆಗಳಲ್ಲಿ ಚಕಾರವಿಲ್ಲ. ಜೋಳದ ರೊಟ್ಟಿಯ ಸೀಮೆ ಇದು. ರೊಟ್ಟಿ ನಿರಪರಾಧಿ; ಪಕ್ಕದ ಉಪ್ಪಿನಕಾಯಿ, ಕಾರ, ಸಂಜೆಯ ಮಿರ್ಚಿ ಭಜಿ, ಪ್ಯಾಕೆಟ್ ಮಿಕ್ಚರ್ ಹಾಗಲ್ಲ. ತಾಂಡೂರಿನ ಕಲ್ಲಿನ ಗಣಿಯಲ್ಲಿ ಬೆವರು ಸುರಿಸುವವನಿಗೆ, ಕಬ್ಬು ಕಡಿಯುವವನಿಗೆ ದೈಹಿಕ ಚಟುವಟಿಕೆಯ ಪ್ರಶ್ನೆಯಲ್ಲಿ ಸೊನ್ನೆ ಅಂಕ, ಅಂದರೆ ಅಪಾಯವಿಲ್ಲ. ಆದರೆ ಮೈಕೈ ನೋವಿಗೆ ಅವನು ಮೆಡಿಕಲ್ ಅಂಗಡಿಯಿಂದ ತಂದು ನುಂಗುವ ಗುಳಿಗೆಗಳಲ್ಲಿ ಎಷ್ಟೋ ಬಿಪಿ ಏರಿಸುವಂಥವು. ರಾತ್ರಿ ಪಾಳಿ, ಕೆಟ್ಟ ನಿದ್ದೆಗೂ ಅಂಕವಿಲ್ಲ. ಕುಡಿತದ ಪ್ರಶ್ನೆಯೂ 'ದಿನಾ ಕುಡಿಯುತ್ತೀರಾ' ಎಂದಷ್ಟೇ. ಪಗಾರದ ರಾತ್ರಿ ಮಿತಿಮೀರುವವನು ಪ್ರಾಮಾಣಿಕವಾಗಿಯೇ 'ಇಲ್ರೀ' ಅನ್ನಬಹುದು.

ಫಾರಂ ಬಿಟ್ಟವರು ತಾವಾಗಿಯೇ ತಪಾಸಣೆಗೆ ಬರುವುದೂ ಕಷ್ಟ; 'ತಲೆ ಗಿರ್ ಅಂದ್ರ ಬಿಪಿ' ಎಂಬುದು ನಮ್ಮ ಕಡೆಯ ನಂಬಿಕೆ. ಬಹುತೇಕರಲ್ಲಿ 140/90 ದಾಟಿದರೂ ತಲೆ ನೆಟ್ಟಗೇ ಇರುತ್ತದೆ. ಮೇಲಾಗಿ ಹರೆಯದ ಬಿಪಿ ಕೆಲವೊಮ್ಮೆ ಮೂತ್ರಪಿಂಡದ ತೊಂದರೆಯ ಸುಳಿವು, ತಡವಾದಷ್ಟೂ ನಷ್ಟ.

ಫಾರಂ ಉದ್ದವಾದರೆ ಆಶಾಗಳ ಹೊರೆ ಹೆಚ್ಚುತ್ತದೆ ಎಂಬ ಆಕ್ಷೇಪ ನ್ಯಾಯವೇ. ಅವರ ಹೆಗಲ ಮೇಲೆ ಈಗಿರುವುದೇ ಜಾಸ್ತಿ. ಆದ್ದರಿಂದ ನಾನು ಪ್ರಶ್ನೆ ಸೇರಿಸಿ ಎನ್ನುವುದಿಲ್ಲ. ಜ್ವರಕ್ಕೋ ಗಾಯಕ್ಕೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದ, 18 ದಾಟಿದ ಪ್ರತಿಯೊಬ್ಬರನ್ನೂ ಐದು ನಿಮಿಷ ಕೂರಿಸಿ, ತೋಳಿಗೆ ಒಪ್ಪುವ ಪಟ್ಟಿ ಸುತ್ತಿ ಬಿಪಿ ನೋಡಲಿ. ಹೆಚ್ಚು ಬಂದರೆ ಇನ್ನೊಂದು ದಿನ ಮತ್ತೆ ನೋಡಲಿ. ಅದಕ್ಕೆ ಯಾವ ಅಂಕವೂ ಬೇಕಿಲ್ಲ.